ಮೂರನೇ ಕ್ಯಾಮೆರಾದ ಉತ್ತರ

ಕ್ಯಾಮೆರಾ ತಲೆಯಾಡಿಸುತ್ತದೆ ಎಂದರೆ ಈ ಕೆಲಸದ ಹೊರಗಿನವರು ನಗುತ್ತಾರೆ. ನೇರಪ್ರಸಾರದಲ್ಲಿ ಪಳಗಿದವರಿಗೆ ಅದು ಗೊತ್ತು. ಕ್ರೀಡಾಂಗಣದ ಹೊರಗೆ ನಿಂತ ವ್ಯಾನಿನಲ್ಲಿ ಕೂತ ನಿರ್ದೇಶಕರು ಹೆಡ್‌ಫೋನಿನಲ್ಲಿ ಏನಾದರೂ ಕೇಳುತ್ತಾರೆ: ಬಿದ್ದವನ ಮುಖ ಸಿಗುತ್ತದಾ? ಕೋಚ್ ಕಾಣ್ತಾನಾ? ಪ್ರೇಕ್ಷಕರ ನಡುವೆ ನಿಂತ ಕ್ಯಾಮೆರಾದವನು ಬಾಯಿ ಬಿಡುವಂತಿಲ್ಲ, ಬಿಟ್ಟರೂ ಆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಆಗ ಅವನು ಕ್ಯಾಮೆರಾದ ಮೂತಿಯನ್ನು ಮೇಲೆ ಕೆಳಗೆ ಆಡಿಸುತ್ತಾನೆ. ಹೌದು ಅಂತ. ಎಡಕ್ಕೂ ಬಲಕ್ಕೂ ಆಡಿಸಿದರೆ ಇಲ್ಲ ಅಂತ. ವ್ಯಾನಿನ ಗೋಡೆಯಲ್ಲಿ ಸಾಲಾಗಿ ಉರಿಯುವ ಪರದೆಗಳ ನಡುವೆ ಒಂದು ಪರದೆ ಹೀಗೆ ತಲೆಯಾಡಿಸಿ ಸುಮ್ಮನಾಗುತ್ತದೆ. ಆಡದೆ ನಿಂತರೆ, ಹೇಳುವಂಥದ್ದೇನೂ ಇಲ್ಲ ಎಂದು ಅರ್ಥ.

ಚೆಲುವರಾಜು ಪ್ರಾಯವನ್ನೆಲ್ಲ ಹೀಗೆ ತಲೆಯಾಡಿಸುತ್ತಲೇ ಕಳೆದವನು. ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವನ ಮನೆ. ಕಬಡ್ಡಿ, ಕುಸ್ತಿ, ಓಟ, ಯಾವುದೇ ಇರಲಿ, ಮೂರನೇ ಕ್ಯಾಮೆರಾ ಅವನದು. ಈಗಿನ ನಿರ್ದೇಶಕಿ ಫರ್ಜಾನಾ ಚನ್ನಪಟ್ಟಣದಿಂದ ಬಂದ ಹೊಸದರಲ್ಲಿ ಅವನ ಹಿಂದೆ ಕೇಬಲ್ ಸುತ್ತುತ್ತ ಓಡಾಡಿದವಳು. ತಲೆಯಾಡಿಸುವ ಭಾಷೆಯನ್ನು ಅವಳಿಗೆ ಕಲಿಸಿದವನೂ ಅವನೇ.

ಆಮೇಲೆ ಬಳೆ ಬಂತು.

ಅದರ ನಿಜವಾದ ಹೆಸರು ಬಾಯಲ್ಲಿ ನಿಲ್ಲದಷ್ಟು ಉದ್ದವಾಗಿತ್ತು. ಮುಂಗೈಗೆ ಬಿಗಿಯುವ ಬೂದುಬಣ್ಣದ ಪಟ್ಟಿಯಾದ್ದರಿಂದ ಹುಡುಗರು ಬಳೆ ಎಂದರು. ವ್ಯಾನಿನೊಳಗೆ ಕೂತ 'ಸೂತ್ರ' ಎಂಬ ಯಂತ್ರ ಎಲ್ಲ ಕ್ಯಾಮೆರಾಗಳ ಚಿತ್ರವನ್ನೂ ಒಟ್ಟಿಗೆ ನೋಡುತ್ತಿತ್ತು. ಮನೆಮನೆಯ ಟೀವಿಯ ಅಂಚಿನಲ್ಲಿದ್ದ ಪುಟ್ಟ ಕಣ್ಣಿನಿಂದ, ನೋಡುವವರ ದೃಷ್ಟಿ ಪರದೆಯ ಯಾವ ಮೂಲೆಗೆ ಹರಿಯುತ್ತಿದೆ ಎಂಬುದನ್ನೂ ತಿಳಿಯುತ್ತಿತ್ತು. ಮುಂದಿನ ಗಳಿಗೆಯಲ್ಲಿ ಜನ ಏನನ್ನು ನೋಡಲು ಹಂಬಲಿಸುತ್ತಾರೆ ಎಂದು ಲೆಕ್ಕ ಹಾಕಿ, ಯಾವ ಕ್ಯಾಮೆರಾ ಎತ್ತ ತಿರುಗಬೇಕೆಂದು ತೀರ್ಮಾನಿಸಿ, ಬಳೆಯ ಮೂಲಕ ಮುಂಗೈಯ ನರಗಳಿಗೆ ಸಣ್ಣದೊಂದು ಚುರುಕು ಮುಟ್ಟಿಸುತ್ತಿತ್ತು. ಕೈ ತಿರುಗುತ್ತಿತ್ತು. ಯಾಕೆ ತಿರುಗಿತೆಂದು ಕೈಯ ಒಡೆಯನಿಗೆ ಗೊತ್ತಾಗುತ್ತಿದ್ದುದು ಆಮೇಲೆ.

ಇಷ್ಟೆಲ್ಲ ಯಂತ್ರವೇ ಮಾಡುವುದಾದರೆ ಮನುಷ್ಯ ಯಾಕೆ? ಮೊದಲು ಮೋಟಾರು ಹಾಕಿ ನೋಡಿದ್ದರು. ಚಿತ್ರದಲ್ಲಿ ಉಸಿರಿರಲಿಲ್ಲ, ಜನ ಚಾನೆಲ್ ಬದಲಿಸಿಬಿಟ್ಟರು. ಓಡುವವನ ಹಿಂದೆ ಓಡುವಾಗ ಒಂದು ಕೂದಲೆಳೆಯಷ್ಟು ತಡವರಿಸಿ ಹಿಡಿಯುವ ಮನುಷ್ಯನ ಕೈಯೇ ಬೇಕಾಯಿತು. ಪ್ರಸಾರದ ಕಂಪನಿ ಕೈಯನ್ನು ಉಳಿಸಿಕೊಂಡಿತು. ಮಾತನ್ನು ತೆಗೆಯಿತು. ಮಾತಾಡುವವನ ಕೈ ಸೂತ್ರಕ್ಕೆ ನಿಧಾನವಾಗಿ ಒಗ್ಗುತ್ತದೆ ಎಂದು ಹೇಳಿ ಕ್ಯಾಮೆರಾದವರ ಹೆಡ್‌ಫೋನಿನಿಂದ ಮೈಕು ಕಿತ್ತುಹಾಕಿತು. ಕೇಳಬಹುದು, ಹೇಳುವಂತಿಲ್ಲ.

"ಬಳೆ ತೊಟ್ಕೊಂಡು ಗಂಡಸ್ರೆಲ್ಲ ಎಷ್ಟು ಚೆನ್ನಾಗಿ ಹೇಳಿದ ಮಾತು ಕೇಳ್ತಿದೀರಪ್ಪ," ಎಂದು ಮೊದಲ ದಿನ ಫರ್ಜಾನಾ ನಕ್ಕಿದ್ದಳು. ಚೆಲುವರಾಜು ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ಆಡಿಸಿ ಇಲ್ಲ ಎಂದಿದ್ದ. ವ್ಯಾನಿನಲ್ಲಿ ನಗೆ ಎದ್ದಿತ್ತು. ಆ ಭಾಷೆಯಲ್ಲಿ ಅವನು ಆಡಿದ ಕೊನೆಯ ಮಾತು ಅದು. ಸೂತ್ರ ಎಲ್ಲವನ್ನೂ ನೋಡಿಕೊಳ್ಳುವಾಗ ಅವನನ್ನು ಕೇಳುವಂಥದ್ದೇನೂ ಉಳಿಯಲಿಲ್ಲ.

*

ಮನೆಯಲ್ಲಿ ಬಳೆ ಇರುತ್ತಿರಲಿಲ್ಲ, ಬಳೆಯ ಚಾಳಿ ಇರುತ್ತಿತ್ತು. ಪಂದ್ಯ ಮುಗಿಸಿ ಬಂದ ಮೇಲೂ ಕೈ ಯಾರದೋ ಅಪ್ಪಣೆಗೆ ಕಾಯುತ್ತಿತ್ತು. ಕುಕ್ಕರ್ ಕೂಗಿದರೆ ಸಾರಿನ ಸೌಟು ಹಿಡಿದ ಕೈ ಆ ಕಡೆ ಹೊರಳಿ ನೆಲವೆಲ್ಲ ಸಾರಾಗುತ್ತಿತ್ತು.

"ಏನ್ರೀ, ನಿಮ್ಮ ಸೂತ್ರಕ್ಕೆ ನಮ್ಮನೆ ಕುಕ್ಕರ್ ಮೇಲೂ ಕಣ್ಣಾ?" ಎಂದು ಹೆಂಡತಿ ಕುಸುಮ ಬಟ್ಟೆ ತಂದು ಒರೆಸುತ್ತಿದ್ದಳು. ನಗುತ್ತಲೇ ಒರೆಸುತ್ತಿದ್ದಳು, ಆದರೆ ಸೌಟನ್ನು ಅವನ ಕೈಗೆ ಕೊಡುವುದನ್ನು ಬಿಟ್ಟಿದ್ದಳು.

ಈಚೆಗೆ ನಡುಕ ಶುರುವಾಗಿತ್ತು. ಬೆರಳ ತುದಿಯಲ್ಲಿ ಹುಟ್ಟಿ ಮಣಿಕಟ್ಟಿಗೆ ಏರುವ ಸಣ್ಣ ನಡುಕ. ಎರಡನೇ ಕ್ಯಾಮೆರಾದ ಶಿವಣ್ಣನಿಗೂ ಹೀಗೇ ಶುರುವಾಗಿ, ಅವನ ಚಿತ್ರ ಅಲುಗತೊಡಗಿದ ವಾರವೇ ಅವನ ಬಳೆ ಬೇರೆಯವನ ಕೈಗೆ ಹೋಗಿತ್ತು.

ಕಬಡ್ಡಿ ಫೈನಲ್ಲಿನ ಹಿಂದಿನ ದಿನ ಬೆಳಗ್ಗೆ ಅವನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಲೋಟ ತಟ್ಟೆಗೆ ತಾಗಿ ಕಟಕಟ ಎನ್ನುತ್ತಿತ್ತು. ಎದುರಿಗೆ ಮಗಳು ಇಂಚರ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಮಂಡ್ಯ ಮಹಿಳಾ ತಂಡದ ರೈಡರ್ ಅವಳು. ಎದುರಾಳಿಯ ಅಂಕಣಕ್ಕೆ ಒಬ್ಬಳೇ ನುಗ್ಗಿ, ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎನ್ನುತ್ತ, ಮುಟ್ಟಿ ಬರುವವಳು. ಹೋದ ತಿಂಗಳು ಅಭ್ಯಾಸದಲ್ಲಿ ಯಾರದೋ ಮೊಣಕಾಲು ಅವಳ ತಲೆಗೆ ಬಡಿದು ಎರಡು ದಿನ ಕಣ್ಣು ಮಂಜಾಗಿತ್ತು. ಡಾಕ್ಟರು ತಲೆಯ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿ, "ಆಡಲಿ. ಆದರೆ ತಲೆಗೆ ಇನ್ನೊಂದು ಏಟು ಬಿದ್ದರೆ ಆ ಕ್ಷಣವೇ ಹೊರಗೆ ಬರಬೇಕು. ಬಿದ್ದ ಮೇಲೂ ಆಡಿದರೆ ಮಿದುಳು ಊದಿಕೊಳ್ಳುತ್ತದೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ," ಎಂದಿದ್ದರು.

"ಅಪ್ಪಾ, ನಿನ್ ಕೈ ನಡುಗ್ತದೆ," ಎಂದಳು ಇಂಚರ.

"ಕಾಫಿ ಬಿಸಿ ಇದೆ. ನಿನ್ ತಲೆ ಹೆಂಗದೆ, ಅದ ಹೇಳು."

"ತಲೆ ಕತ್ತಿನ ಮೇಲೇ ಅದೆ."

"ತಮಾಷೆ ಬ್ಯಾಡ ಇಂಚು. ಏಟು ಬಿದ್ರೆ ಎದ್ದು ಬಂದ್ಬುಡ್ಬೇಕು. ಗೊತ್ತಾಯ್ತಾ?"

"ಬಿದ್ರೆ ಡಾಕ್ಟ್ರು ನೋಡ್ಕೋತಾರೆ ಬುಡಪ್ಪ. ನೀನೇ ಇರ್ತೀಯಲ್ಲ ಮೇಲೆ, ಅಷ್ಟ್ ದೊಡ್ಡ ಕಣ್ಣಿಟ್ಕೊಂಡು." ಪಟ್ಟಿಯ ತುದಿ ಸಿಕ್ಕಿಸಿ ಎದ್ದು, ಅವನ ಕೈಯಿಂದ ಲೋಟ ತೆಗೆದುಕೊಂಡಳು. "ಒಂದ್ ಮಾಡಾಣ. ನನ್ ತಲೆ ವಿಚಾರ ನೀನು ಅವ್ವಂಗೆ ಊದ್ಬೇಡ, ನಿನ್ ಕೈ ವಿಚಾರ ನಾನ್ ಊದಲ್ಲ."

"ತಲೆ ನೋವದಾ ಹಂಗಾದ್ರೆ?"

ಅವಳು ಉಳಿದ ಕಾಫಿಯನ್ನು ತಾನೇ ಕುಡಿದು ಒಳಗೆ ಹೋದಳು.

*

ಮೈಸೂರಿನ ಒಳಾಂಗಣ ಕ್ರೀಡಾಂಗಣದ ಹಿಂಬದಿಯಲ್ಲಿ ವ್ಯಾನು ನಿಂತಿತ್ತು. ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಫರ್ಜಾನಾ ಊಟಕ್ಕೆ ಹೋಗಿದ್ದನ್ನು ನೋಡಿಕೊಂಡು ಚೆಲುವರಾಜು ಒಳಗೆ ಬಂದ. ರೀಪ್ಲೇ ಮೇಜಿನಲ್ಲಿ ಡೆರಿಲ್ ಒಬ್ಬನೇ ಇದ್ದ. ಮಂಗಳೂರಿನ ಹುಡುಗ, ಕೆಲಸಕ್ಕೆ ಸೇರುವಾಗಲೇ ಬಳೆ ಬಂದಾಗಿತ್ತು. ಆಟದ ತುಣುಕುಗಳನ್ನು ಕ್ಷಣಮಾತ್ರದಲ್ಲಿ ಕತ್ತರಿಸಿ ಮತ್ತೆ ತೋರಿಸುವುದು ಅವನ ಕೆಲಸ. ಕ್ಯಾಮೆರಾಗಳ ಹೊಂದಾಣಿಕೆಯೂ ಅವನದೇ.

"ಡೆರಿಲ್ಲು, ಆ ನಡುಕ ತಡೆಯೋದು ಇದೆಯಲ್ಲ, ನನ್ ಕ್ಯಾಮೆರಾಕ್ಕೆ ಒಸಿ ಜಾಸ್ತಿ ಮಾಡಪ್ಪ."

"ಎಷ್ಟು ಮಾರಾಯ್ರೇ?"

"ಎಷ್ಟಾಯ್ತದೋ ಅಷ್ಟು. ನಾನ್ ನಿಲ್ಲೋ ಅಟ್ಟಣೆ ಅಲ್ಲಾಡ್ತದೆ, ಜನ ಕುಣಿದ್ರೆ."

ಡೆರಿಲ್ ಅವನ ಕೈಯ ಕಡೆ ನೋಡಿದ. ಚೆಲುವರಾಜು ಕೈಯನ್ನು ಜೇಬಿಗೆ ಹಾಕಿದ.

"ಪೂರ್ತಿ ಇಟ್ಟರೆ ಚಿತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ತದೆ," ಎಂದ ಡೆರಿಲ್. "ಅಗಲ ಚಿತ್ರ ತೆಗೆದು ನಡುವಿನ ತುಂಡು ಮಾತ್ರ ಕೊಡೋದು. ನೀವು ಗೇಣುದ್ದ ಅಲ್ಲಾಡಿಸಿದರೂ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಪೂರ್ತಿ ತಿರುಗಿಸಿದರೆ ಮಾತ್ರ ಚಿತ್ರ ತಿರುಗ್ತದೆ. ಮೇಡಮ್ಮಿಗೆ ಹೇಳ್ಬೇಕಾ?"

"ಅವಳಿಗ್ಯಾಕೆ? ಫೈನಲ್ ದಿವ್ಸ ಅವಳ ತಲೆ ಮೊದ್ಲೇ ಬಿಸಿ ಇರ್ತದೆ."

ಡೆರಿಲ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಮೂರನೇ ಪರದೆಯಲ್ಲಿ ಖಾಲಿ ಮ್ಯಾಟು ಕ್ಯಾಲೆಂಡರಿನ ಚಿತ್ರದಂತೆ ನಿಂತುಬಿಟ್ಟಿತು. ಚೆಲುವರಾಜುವಿಗೆ ನೆಮ್ಮದಿಯಾಯಿತು.

*

ಮೂರನೇ ಕ್ಯಾಮೆರಾ ಮೂಲೆಯ ಎತ್ತರದ ಅಟ್ಟಣೆಯ ಮೇಲಿತ್ತು. ಬೀಳದಿರಲಿ ಎಂದು ಅವನ ಸೊಂಟವನ್ನು ಬೆಲ್ಟಿನಿಂದ ಕಂಬಕ್ಕೆ ಬಿಗಿದಿದ್ದರು. ಬಳೆ ಬಿಚ್ಚುವ ಕೊಂಡಿ ವ್ಯಾನಿನಿಂದ ಮಾತ್ರ ತೆರೆಯುತ್ತಿತ್ತು. ಎದುರಿನ ಸಾಲಿನಲ್ಲಿ ಆಟಗಾರ್ತಿಯರ ಮನೆಯವರಿಗೆಂದು ಹಾಕಿದ ಕುರ್ಚಿಗಳಲ್ಲಿ ಕುಸುಮ ಕೂತಿದ್ದಳು. ಹಬ್ಬದ ಹಸಿರು ಸೀರೆ, ಮಡಿಲಲ್ಲಿ ತಿಂಡಿಯ ಡಬ್ಬಿ.

ಆಟ ಕೊನೆಯ ಹೊತ್ತಿಗೆ ಬಂದಾಗ ಮಂಡ್ಯ ಮತ್ತು ಬೆಳಗಾವಿ ಸಮಸಮ ಇದ್ದವು. ಇಂಚರ ರೈಡಿಗೆ ಹೋದಳು. ಬಳೆ ಚುರುಕು ಮುಟ್ಟಿಸಿತು. ಚೆಲುವರಾಜುವಿನ ಕೈ ಅವಳ ಪಾದದ ಜೊತೆ ಜಾರುತ್ತ ಹೋಯಿತು. ತನ್ನ ಕೈ ಇಷ್ಟು ಚೆನ್ನಾಗಿ ಮಗಳನ್ನು ಹಿಂಬಾಲಿಸುವುದನ್ನು ಅವನು ಬೇರೆ ಯಾರದೋ ಕೆಲಸದಂತೆ ಮೆಚ್ಚಿ ನೋಡುತ್ತಿದ್ದ. ಅವಳು ಬಲಮೂಲೆಯ ಹುಡುಗಿಯನ್ನು ಮುಟ್ಟಿ ತಿರುಗಿದಳು. ಇಬ್ಬರು ಕೈಗೆ ಕೈ ಬೆಸೆದು ಸರಪಳಿ ಹಾಕಿ ಅವಳನ್ನು ಕೆಡವಿದರು. ಉಳಿದವರು ಮೇಲೆ ಬಿದ್ದರು. ಬೆನ್ನುಗಳ ರಾಶಿ. ಆ ರಾಶಿಯ ಒಳಗನ್ನು ನೋಡಬಲ್ಲ ಕೋನ ಮೂರನೇ ಕ್ಯಾಮೆರಾಕ್ಕೆ ಮಾತ್ರ ಇತ್ತು.

ಅದೇ ಕ್ಷಣಕ್ಕೆ ಸೂತ್ರಕ್ಕೆ ತಾಯಿ ನೆನಪಾದಳು.

ಅವನ ಕೈ ಮ್ಯಾಟನ್ನು ಬಿಟ್ಟು ಮೇಲಕ್ಕೆ ಹೊರಳಿತು. ಕುಸುಮಳ ಮುಖ ಚೌಕಟ್ಟನ್ನು ತುಂಬಿತು. ಆದರೆ ಅವನ ಬರಿಗಣ್ಣು ಕೆಳಗೇ ಇತ್ತು. ಮೊಣಕಾಲೊಂದು ಇಂಚರಳ ಕಿವಿಯ ಮೇಲ್ಭಾಗಕ್ಕೆ ಬಡಿದದ್ದನ್ನು, ಅವಳ ತಲೆ ಮ್ಯಾಟಿಗೆ ಅಪ್ಪಳಿಸಿ ಪುಟಿದದ್ದನ್ನು ಅವನು ನೋಡಿದ. ಕೈ ಹಿಡಿದಿದ್ದ ಚಿತ್ರದಲ್ಲಿ ಕುಸುಮಳ ಬಾಯಿ ತೆರೆಯಿತು. ಡಬ್ಬಿ ಕೆಳಗೆ ಬಿತ್ತು. ಮಗಳ ತಲೆಗೆ ಬಿದ್ದ ಏಟಿನ ಒಂದೇ ಒಂದು ಚಿತ್ರ ಲೋಕದಲ್ಲಿ ಉಳಿದದ್ದು ಹೀಗೆ, ಅವಳ ತಾಯಿಯ ಮುಖದ ಮೇಲೆ.

ಇಂಚರಳ ಬೆರಳು ನಡುಗೆರೆ ಮುಟ್ಟಿತ್ತು. ಮಂಡ್ಯಕ್ಕೆ ಅಂಕ. ಸಭಾಂಗಣ ಸಿಡಿಯಿತು. ಅವಳು ಎದ್ದಳು, ಒಂದು ಕ್ಷಣ ತಪ್ಪು ದಿಕ್ಕಿಗೆ ನಡೆದಳು, ಗೆಳತಿಯರು ನಗುತ್ತ ಅವಳನ್ನು ತಿರುಗಿಸಿದರು. ಕುಸುಮ ತಡೆಬೇಲಿಗೆ ಬಂದು ಕೂಗುತ್ತಿದ್ದಳು. ಕಾವಲಿನವನು ಅವಳನ್ನು ಸಮಾಧಾನ ಮಾಡುವವನಂತೆ ಹಿಂದಕ್ಕೆ ತಳ್ಳುತ್ತಿದ್ದ.

ಪಂದ್ಯದ ಡಾಕ್ಟರು ಕೈ ಎತ್ತಿದರು. ಆಟ ನಿಂತಿತು. ಚೆಲುವರಾಜು ದೇವರೇ ಎಂದ.

ನಿಯಮ ಹೀಗಿತ್ತು: ತಲೆಗೆ ಏಟು ಬಿದ್ದಿದೆಯೇ ಎಂಬುದಕ್ಕೆ ಚಿತ್ರವೊಂದೇ ಸಾಕ್ಷಿ. ಹಿಂದೆ ಕೋಚ್‌ಗಳು ಸುಳ್ಳು ಏಟಿನ ನೆಪದಲ್ಲಿ ಆಟ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಹಾಗಾಗಿ ಆಟಗಾರರ ಮಾತು, ಕೋಚ್ ಮಾತು, ಮನೆಯವರ ಮಾತು ಯಾವುದೂ ನಡೆಯುತ್ತಿರಲಿಲ್ಲ.

ಹೆಡ್‌ಫೋನಿನಲ್ಲಿ ಫರ್ಜಾನಾಳ ದನಿ ಕೇಳಿಸಿತು. "ಡೆರಿಲ್, ಆ ಬಿದ್ದ ಜಾಗ ಕೊಡು. ಬೇಗ."

"ಒಂದರಲ್ಲಿ ಬೆನ್ನು. ಎರಡರಲ್ಲಿ ಬೆನ್ನು. ನಾಲ್ಕರಲ್ಲಿ ಕಾಲು ಮಾತ್ರ."

"ಮೂರು?"

"ಮೂರರಲ್ಲಿ ಅಮ್ಮ."

"ಛೆ! ಆ ಹುಡುಗಿ ನಡೆದದ್ದು ನೋಡಿದ್ಯಾ? ಸರಿಯಿಲ್ಲ ಅದು. ಹುಡುಕು ಇನ್ನೊಂದ್ಸಲ."

ಕೆಳಗೆ ಡಾಕ್ಟರು ತಮ್ಮ ಪುಟ್ಟ ಪರದೆಯಲ್ಲಿ ಕುಸುಮಳ ಮುಖವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಇಂಚರಳನ್ನು ಏನೋ ಕೇಳಿದರು. ಅವಳು ನಕ್ಕು ಹೆಬ್ಬೆರಳು ತೋರಿಸಿದಳು. ಬ್ಯಾಡ ಕಣೇ, ಎಂದು ಚೆಲುವರಾಜು ಕೂಗಿದ. ಮುಂದಿನ ಸಾಲಿನವರು ಅವನನ್ನು ನೋಡಿ ತಾವೂ ಕೂಗಿದರು, ಮಂಡ್ಯ ಮಂಡ್ಯ ಎಂದು. ಕೊಂಬುಗಳು ಮೊಳಗಿದವು. ಬೆಲ್ಟು ಬಿಚ್ಚಲು ಎರಡೂ ಕೈ ಬೇಕಿತ್ತು; ಅವನು ಹಿಡಿಕೆಯಿಂದ ಕೈ ತೆಗೆಯಹೋದ. ಬಳೆ ಕೈಯನ್ನು ಹಿಡಿಕೆಗೆ ಅಂಟಿಸಿಟ್ಟಿತ್ತು.

"ಚೆಲುವಣ್ಣಾ."

ಎಷ್ಟೋ ಕಾಲದ ಮೇಲೆ ಫರ್ಜಾನಾ ಅವನನ್ನು ಹೆಸರು ಹಿಡಿದು ಕರೆದಿದ್ದಳು.

"ಚೆಲುವಣ್ಣಾ, ಕೇಳಿಸ್ಕೋ. ನಿನ್ನ ಕ್ಯಾಮೆರಾನ ಪ್ರಸಾರದಿಂದ ಇಳಿಸಿ ಕೈ ಬಿಡಿಸ್ತಿದೀನಿ, ಆಟ ಶುರುವಾಗೋವರೆಗೂ ಮಾತ್ರ. ನಿನ್ನ ಕಣ್ಣು ಕ್ಯಾಮೆರಾ ಹೋದ ಕಡೆ ಹೋಗಿರಲ್ಲ, ನನಗೆ ಗೊತ್ತು. ಇಂಚುಗೆ ತಲೆಗೆ ಬಿತ್ತಾ? ನೀನು ಹೌದು ಅಂದ್ರೆ ಪ್ರಸಾರವೇ ಕೆಟ್ಟುಹೋಯ್ತು ಅಂತ ಕೇಬಲ್ ಎಳೆದುಹಾಕ್ತೀನಿ. ಪ್ರಸಾರ ಇಲ್ಲದೆ ಅವರು ಆಡ್ಸಲ್ಲ. ನನ್ನ ಕೆಲಸ ಹೋದ್ರೆ ಹೋಗ್ಲಿ. ಹೇಳು, ಬಿತ್ತಾ?"

ಬಳೆ ಸಡಿಲವಾಯಿತು. ಕೈ ಅವನದಾಯಿತು. ಅವನು ಹಿಡಿಕೆಯನ್ನು ಹಿಡಿದು ಕ್ಯಾಮೆರಾವನ್ನು ಮೇಲೆ ಕೆಳಗೆ ಆಡಿಸಿದ. ಹೌದು. ಹೌದು. ಹೌದು.



"ಅಣ್ಣಾ? ನೋಡ್ತಿದೀನಿ ನಾನು. ಹೇಳು."

ಅವನು ಇನ್ನೂ ಜೋರಾಗಿ ಆಡಿಸಿದ. ಅಟ್ಟಣೆ ಕಿರುಗುಟ್ಟಿತು.

"ಅಲುಗ್ತಾ ಇಲ್ಲ," ಎಂದಳು ಫರ್ಜಾನಾ, ತನಗೆ ತಾನೇ ಹೇಳಿಕೊಳ್ಳುವಂತೆ.

"ಏನು ಅಲುಗೋದು ಮೇಡಂ?" ಡೆರಿಲ್ ದನಿ.

"ನಿಂಗೆ ಗೊತ್ತಾಗಲ್ಲ ಬಿಡೋ, ಹಳೇ ಕಾಲದ್ದು. ನೀನು ಹುಡುಕು."

ಆಗ ಚೆಲುವರಾಜು ಕ್ಯಾಮೆರಾದ ಕಿರುಪರದೆಯತ್ತ ನೋಡಿದ. ವ್ಯಾನಿಗೆ ಹೋಗುವ ಚಿತ್ರವೇ ಅಲ್ಲಿ ಕಾಣುತ್ತಿತ್ತು. ಅವನ ಕೈಯಲ್ಲಿ ಕ್ಯಾಮೆರಾ ಏರುತ್ತಿತ್ತು, ಇಳಿಯುತ್ತಿತ್ತು. ಚಿತ್ರದಲ್ಲಿ ಮ್ಯಾಟು, ಗೆರೆ, ಡಾಕ್ಟರ ಬಿಳಿ ಅಂಗಿ ಎಲ್ಲವೂ ಕ್ಯಾಲೆಂಡರಿನಂತೆ ತೂಗುಹಾಕಿದ್ದವು. ಅವನ ಹೌದುಗಳನ್ನೆಲ್ಲ ಡೆರಿಲ್ ತಿರುಗಿಸಿದ ಗುಂಡಿ ಒಂದೊಂದಾಗಿ ನುಂಗಿ ನೀರು ಕುಡಿಯುತ್ತಿತ್ತು. ವ್ಯಾನಿನಲ್ಲಿ ಮಾರುದ್ದದ ಅಂತರದಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬಳಿಗೆ ತಲೆಯಾಟ ಗೊತ್ತಿತ್ತು, ಗುಂಡಿ ಗೊತ್ತಿರಲಿಲ್ಲ. ಇನ್ನೊಬ್ಬನಿಗೆ ಗುಂಡಿ ಗೊತ್ತಿತ್ತು, ತಲೆಯಾಟ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನ ಮೈಕು ಕಿತ್ತುಹಾಕಿಯಾಗಿತ್ತು.

ದೊಡ್ಡದಾಗಿ ತಿರುಗಿಸಬೇಕು, ಛಾವಣಿಗೆ ಎತ್ತಬೇಕು, ಆಗಲಾದರೂ ಅವಳಿಗೆ ತಿಳಿಯುತ್ತದೆ ಎಂದು ಅವನು ಹಿಡಿಕೆಯನ್ನು ಎದೆಗೆ ಆನಿಸಿ ಒತ್ತಿದ. ಕ್ಯಾಮೆರಾದ ಮೂತಿ ಏಳತೊಡಗಿತು. ಚಿತ್ರದ ಮೇಲಂಚಿನಲ್ಲಿ ಛಾವಣಿಯ ಮೊದಲ ದೀಪ ಕಾಣಿಸಿತು.

"ಬಿದ್ದಿಲ್ಲ ಅಂತ ತಗೋತೀನಿ ಅಣ್ಣಾ," ಎಂದಳು ಫರ್ಜಾನಾ. ಅವಳ ದನಿಯಲ್ಲಿ ಬಿಡುಗಡೆಯಿತ್ತು. "ಬಿದ್ದಿದ್ರೆ ನೀನು ಸುಮ್ನಿರ್ತಿದ್ಯಾ?"

ಕೆಳಗೆ ಸೀಟಿ ಕೇಳಿಸಿತು. ಆಟ ಶುರುವಾಯಿತು. ಬಳೆ ಬಿಗಿಯಿತು. ಏಳುತ್ತಿದ್ದ ಕೈಯನ್ನು ಸೂತ್ರ ಮೆಲ್ಲಗೆ, ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವಂತೆ, ಮ್ಯಾಟಿಗೆ ಇಳಿಸಿತು.

ಒಂದೆರಡು ಸರದಿಗಳ ನಂತರ ಇಂಚರ ಮತ್ತೆ ನುಗ್ಗಿದಳು. ಅವಳ ಜೆರ್ಸಿಯ ಮೈಕಿನಿಂದ ಕಬಡ್ಡಿ ಕಬಡ್ಡಿ ಎಂಬ ಉಸಿರು ಹೆಡ್‌ಫೋನಿಗೆ ಬರುತ್ತಿತ್ತು. ಅವನ ಕೈ ಅವಳನ್ನು ಹಿಂಬಾಲಿಸಿತು. ಅಷ್ಟು ಚಂದದ ಚಿತ್ರವನ್ನು ಅವನು ಎಂದೂ ತೆಗೆದಿರಲಿಲ್ಲ. ಎದುರಾಳಿಗಳು ಅರ್ಧಚಂದ್ರವಾಗಿ ಹಿಂದೆ ಸರಿದರು. ಯಾರೂ ಅವಳನ್ನು ಮುಟ್ಟಲಿಲ್ಲ. ಅವಳ ದನಿ ಒಮ್ಮೆ ತೊದಲಿತು. ಆಮೇಲೆ ಕಡಿದುಹೋಯಿತು.

ದನಿ ನಿಂತರೆ ರೈಡರ್ ಔಟ್. ಅಂಪೈರು ಕೈ ಎತ್ತಿದ. ಬೆಳಗಾವಿಯ ಹುಡುಗಿಯರು ಕುಣಿದರು. ಇಂಚರ ಮಂಡಿಯೂರಿ, ಏನನ್ನೋ ಹುಡುಕುವವಳಂತೆ ಮ್ಯಾಟನ್ನು ಸವರಿ, ಪಕ್ಕಕ್ಕೆ ಮಲಗಿದಳು.

ಈ ಸಲ ಸೂತ್ರ ಬೇರೆಲ್ಲೂ ತಿರುಗಲಿಲ್ಲ. ಲಕ್ಷಾಂತರ ಮನೆಗಳ ಕಣ್ಣುಗಳು ಒಂದೇ ಕಡೆಗಿದ್ದವು. ಚೆಲುವರಾಜುವಿನ ಬೆರಳು ಜೂಮನ್ನು ಒತ್ತಿ ಮಗಳ ಮುಖದ ಹತ್ತಿರ, ಇನ್ನೂ ಹತ್ತಿರ ಹೋಯಿತು. ಅವನ ಮೈಯೆಲ್ಲ ಎಲೆಯಂತೆ ಅದುರುತ್ತಿತ್ತು. ಚಿತ್ರ ಅಲುಗಲಿಲ್ಲ.

*

ಆಸ್ಪತ್ರೆಯ ಪಡಸಾಲೆಯಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಇಂಚರಳ ತಲೆಬುರುಡೆಯ ಒಂದು ತುಂಡು ತೆಗೆದು ಊತಕ್ಕೆ ಜಾಗ ಮಾಡಿದ್ದರು. ಕುಸುಮ ಗೋಡೆಗೆ ಒರಗಿ ಕೂತಿದ್ದಳು. ಹಸಿರು ಸೀರೆ ಬದಲಿಸಿರಲಿಲ್ಲ.

"ನೀವು ಮೇಲಿದ್ರಲ್ರೀ," ಎಂದಳು. ಮೊದಲ ಸಲವಲ್ಲ. "ನಂಗೆ ಕಾಣಿಸ್ತು. ನಿಮಗೆ ಕಾಣ್ನಿಲ್ವಾ?"

"ಕಾಣಿಸ್ತು ಕಣೇ."

"ಮತ್ತೆ?"

ಬೆಂಚಿನ ತುದಿಯಲ್ಲಿ ಕೂತಿದ್ದ ಫರ್ಜಾನಾ ತಲೆ ಎತ್ತಿದಳು. ಅತ್ತು ಅವಳ ಮುಖ ಊದಿತ್ತು. "ಕಾಣಿಸ್ತಾ? ನಾನು ಕೇಳ್ದೆನಲ್ಲ ಅಣ್ಣಾ. ಅಷ್ಟು ಕೇಳ್ದೆ. ಯಾಕೆ ಸುಮ್ನಿದ್ದೆ?"

"ಸುಮ್ನಿರ್ಲಿಲ್ಲ ಕಣಮ್ಮ," ಎಂದ ಅವನು. ತೊಡೆಯ ಮೇಲಿದ್ದ ಎರಡೂ ಕೈಗಳನ್ನು ಎತ್ತಿ ಅವಳ ಮುಂದೆ ಹಿಡಿದ. ಅವು ನಡುಗುತ್ತಿದ್ದವು. ಡೆರಿಲ್‌ನ ಗುಂಡಿಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಿದ. ಫರ್ಜಾನಾ ಕೈಗಳನ್ನೇ ನೋಡಿದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕುಸುಮಳಿಗೆ ಇಬ್ಬರ ಮಾತೂ ಅರ್ಥವಾಗಲಿಲ್ಲ. ಕಂಡಿತ್ತು, ಆದರೂ ಆಟ ನಿಲ್ಲಲಿಲ್ಲ ಎಂಬುದಷ್ಟೇ ಅವಳಿಗೆ ತಿಳಿದದ್ದು.

ಡಾಕ್ಟರು ಬಾಗಿಲು ತೆರೆದು ಮನೆಯವರನ್ನು ಒಳಗೆ ಕರೆದರು. ಇಂಚರಳ ತಲೆಗೆ ಬಿಳಿ ಬಟ್ಟೆ ಸುತ್ತಿತ್ತು. ಕಣ್ಣು ಅರೆತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಕೊಳವೆ ಇದ್ದ ಬಾಯಿ ಮಾತಾಡುವಂತಿರಲಿಲ್ಲ.

ಡಾಕ್ಟರು ಅವಳ ಕಿವಿಯ ಹತ್ತಿರ ಬಾಗಿದರು. "ಇಂಚರಾ, ನಾನು ಹೇಳೋದು ಕೇಳಿಸ್ತಿದೆಯಾ? ಕೇಳಿಸಿದ್ರೆ ತಲೆ ಆಡಿಸಮ್ಮ. ಸ್ವಲ್ಪ ಆಡಿಸಿದ್ರೂ ಸಾಕು."

ಎಲ್ಲರೂ ನೋಡಿದರು. ದಿಂಬಿನ ಮೇಲಿನ ತಲೆ ಅಲುಗಲಿಲ್ಲ.

"ಇಲ್ಲ," ಎಂದು ಡಾಕ್ಟರು ಪಕ್ಕದ ನರ್ಸಿಗೆ ಮೆಲ್ಲನೆ ಹೇಳಿ ನೆಟ್ಟಗಾದರು. "ಸದ್ಯಕ್ಕೆ ಉತ್ತರ ಇಲ್ಲ ಅಂತ ತಗೋಬೇಕು."

ಚೆಲುವರಾಜು ಮಗಳ ಮುಖವನ್ನು ನೋಡುತ್ತ ನಿಂತ. ಒಳಗೆಲ್ಲೋ ಅವಳು ಹೌದು ಹೌದು ಎಂದು ತಲೆಯಾಡಿಸುತ್ತಿರಬಹುದು, ಎದೆಗೆ ಆನಿಸಿ ಒತ್ತುತ್ತಿರಬಹುದು, ಹೊರಗೆ ಬರುವ ದಾರಿಯಲ್ಲಿ ಯಾವುದೋ ಅದನ್ನು ನುಂಗುತ್ತಿರಬಹುದು. ಅವನು ಡಾಕ್ಟರ ಬಿಳಿ ಅಂಗಿಯ ತೋಳನ್ನು ಹಿಡಿದುಕೊಂಡ. ಬಿಡು ಎಂದು ಯಾರು ಹೇಳಿದರೂ ಆ ಕೈ ಈಗ ಬಿಡುವಂತಿರಲಿಲ್ಲ.

"ಹಂಗೆ ತಗೋಬ್ಯಾಡಿ ಸಾರ್," ಎಂದ. "ಇನ್ನೊಂದ್ಸಲ ಕೇಳಿ."